ತಜ್ಞರ ಉತ್ತರ: ಲಿಸ್ಟ್ ಕತ್ತರಿಸಿದಾಗ ಮಾರ್ಚ್ 1 ಎಲ್ಲಿ ಹೋಯಿತು?

ಪ್ರಶ್ನೆ: ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇರುವವಳು. ಮಸೀದ್ ಬಂದರ್‌ನ ಒಂದು ಮಸಾಲೆ ಹೋಲ್‌ಸೇಲ್ ಅಂಗಡಿಯಲ್ಲಿ 18 ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಎಕ್ಸೆಲ್ ಚೆನ್ನಾಗಿ ಬರುತ್ತದೆ. ಆರು ತಿಂಗಳಿಂದ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಮಾರ್ಚ್ ತಿಂಗಳ 31 ದಿನದ ಮಾರಾಟವನ್ನು ಒಂದು ಲಿಸ್ಟ್‌ಗೆ ಹಾಕಿ ವಾರವಾರ ಕತ್ತರಿಸಲು ಹೋದೆ. ಮೊದಲ ವಾರಕ್ಕೆ [1:7] ಅಂತ ಬರೆದರೆ ಆರೇ ದಿನ ಬಂತು. ಹಾಗಾಗಿ ಎಲ್ಲ ಕಡೆ ಕೊನೆಗೆ ಒಂದು ಸೇರಿಸಿ [1:8], [8:15] ಅಂತ ಮಾಡಿಕೊಂಡೆ. ಏಳೇಳು ದಿನ ಸರಿಯಾಗಿ ಬಂತು, ಆದರೆ ತಿಂಗಳ ಮೊತ್ತ ಪುಸ್ತಕದ ಲೆಕ್ಕಕ್ಕಿಂತ ಕಡಿಮೆ. ಅದನ್ನೇ ಪಾಂಡಾಸ್‌ನಲ್ಲಿ (ಪೈಥಾನ್‌ನಲ್ಲಿ ಕೋಷ್ಟಕದ ಕೆಲಸಕ್ಕೆ ಇರುವ ಲೈಬ್ರರಿ) ಲೋಕ್ ಅನ್ನುವುದನ್ನು ಬಳಸಿ ಮಾಡಿದೆ, ಈ ಸಲ ಜಾಸ್ತಿ ಬಂತು. ಎರಡರಲ್ಲೂ ಒಂದು ಎರರ್ ಕೂಡ ಇಲ್ಲ! ಪುಣೆಯಲ್ಲಿರುವ ಅಣ್ಣನ ಮಗ "ಅತ್ತೆ, ಪೈಥಾನ್‌ನಲ್ಲಿ ಯಾವಾಗಲೂ ಪ್ಲಸ್ ಒನ್ ಹಾಕಬೇಕು, ಅದು ಹಾಗೇ" ಅನ್ನುತ್ತಾನೆ. ಹೀಗೆ ಸ್ಲೈಸ್ ಮಾಡಿದರೆ, ಅಂದರೆ ತುಂಡು ಕತ್ತರಿಸಿದರೆ, ಕಾಪಿ ಆಗುತ್ತದೆ, ಮೂಲಕ್ಕೆ ಏನೂ ಆಗುವುದಿಲ್ಲ ಅಂತಲೂ ಹೇಳಿದ್ದ. ಆದರೆ ಒಮ್ಮೆ ನನ್ನ ಮೂಲ ಲಿಸ್ಟೇ ಬದಲಾಗಿತ್ತು. ಇನ್ನೊಂದು ವಿಷಯ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಬ್ಯಾಡ್ಜ್ ಮಾಡಬೇಕು, ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಇರಬೇಕು. ಪ್ರೇಮಾ ಅನ್ನುವವರಿಗೆ ಬರೀ "ಪ" ಬಂತು. ಪೈಥಾನ್‌ಗೆ ಕನ್ನಡ ಬರುವುದಿಲ್ಲವೇ? ಈ ಸ್ಲೈಸಿಂಗ್ ಬಿಟ್ಟು, ಒಂದೊಂದನ್ನೇ ಸುತ್ತಿ ತೆಗೆಯುವ ಲೂಪ್ ಬರೆಯುವುದೇ ಸೇಫ್ ಅಲ್ವಾ?

ಉತ್ತರ: ನಿಮ್ಮ ಪತ್ರ ಓದುತ್ತಾ ನಗು ಬಂತು, ನಿಮ್ಮನ್ನು ನೋಡಿ ಅಲ್ಲ. 20 ವರ್ಷ ಇದೇ ಕೆಲಸ ಮಾಡಿದ ನಾನೂ ಈಗಲೂ ಕೆಲವೊಮ್ಮೆ ಬೆರಳು ಮಡಚಿ ಎಣಿಸುತ್ತೇನೆ. ಪೈಥಾನ್‌ನಲ್ಲಿ ಬಗ್ ಇಲ್ಲ, ನಿಮ್ಮ ಡೇಟಾ ಕೂಡ ಸರಿ ಇದೆ. ತೊಂದರೆ ಇರುವುದು ಆ ಪ್ಲಸ್ ಒನ್‌ನಲ್ಲಿ. ಅದು ನೋವು ಮರೆಸುವ ಮಾತ್ರೆ ಇದ್ದಹಾಗೆ. ನೋವು ಹೋಯಿತು, ಕಾಯಿಲೆ ಉಳಿಯಿತು.

ಮೊದಲು ನಿಮ್ಮ ಮಾರ್ಚ್ ತಿಂಗಳನ್ನೇ ನೋಡೋಣ. ಲಿಸ್ಟ್‌ನ ಹೆಸರು ದಿನ ಅಂದುಕೊಳ್ಳಿ. ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ ಅನ್ನುವುದು ನಿಮಗೆ ಗೊತ್ತಿರುವುದೇ. ಮಾರ್ಚ್ 1ರ ಮಾರಾಟ ದಿನ[0]ರಲ್ಲಿ ಇದೆ, ಮಾರ್ಚ್ 31ರದ್ದು ದಿನ[30]ರಲ್ಲಿ. ನೀವು ದಿನ[1:8] ಅಂದಾಗ ಏಳು ದಿನ ಬಂತು, ನಿಜ. ಆದರೆ ಯಾವ ಏಳು? ಮಾರ್ಚ್ 2ರಿಂದ 8ರವರೆಗೆ. ಎಣಿಕೆ ಸರಿ, ಒಳಗಿನ ಸರಕು ತಪ್ಪು. ಹೀಗೇ [8:15], [15:22], [22:29] ದಾಟಿ ಕೊನೆಗೆ [29:32] ಅಂತ ಬರೆದಿರುತ್ತೀರಿ. ಅಲ್ಲಿ ಮಾರ್ಚ್ 30 ಮತ್ತು 31 ಮಾತ್ರ ಸಿಗುತ್ತವೆ, ಎರಡೇ ದಿನ. ಕೂಡಿಸಿ ನೋಡಿ: 7, 7, 7, 7, 2. ಒಟ್ಟು 30. ಮಾರ್ಚ್ 1 ಯಾವ ವಾರಕ್ಕೂ ಸೇರಲೇ ಇಲ್ಲ. ಕಡಿಮೆ ಬಂದ ಮೊತ್ತ ಆ ಒಂದು ದಿನದ ಮಾರಾಟಕ್ಕೆ ಸರಿಯಾಗಿ ಹೊಂದಬೇಕು, ಇವತ್ತೇ ತಾಳೆ ನೋಡಿ.

ಈಗ ಕಾರಣಕ್ಕೆ ಬರೋಣ. ನಾನು ಈಗ ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುತ್ತೇನೆ. ಧಾರವಾಡದಿಂದ ಬಂದ ಹೊಸದರಲ್ಲಿ ನಾಲ್ಕು ವರ್ಷ ಘಾಟ್ಕೋಪರ್‌ನಲ್ಲಿದ್ದೆ, ಹಾಗಾಗಿ ನಿಮಗೆ ಲೋಕಲ್ ಟ್ರೈನ್ ಇಟ್ಟುಕೊಂಡೇ ಹೇಳುತ್ತೇನೆ. 12 ಡಬ್ಬದ ಲೋಕಲ್ ನಿಂತಿದೆ ಅಂದುಕೊಳ್ಳಿ. ಯಾವ ಡಬ್ಬ ಎಲ್ಲಿ ನಿಲ್ಲುತ್ತದೆ ಅನ್ನುವುದು ಡೊಂಬಿವಲಿಯವರಿಗೆ ಕಣ್ಣು ಮುಚ್ಚಿದರೂ ಗೊತ್ತು. ನಾವು ಸಾಮಾನ್ಯವಾಗಿ ನಂಬರ್ ಕೊಡುವುದು ಡಬ್ಬಕ್ಕೆ: ಒಂದನೇದು, ಎರಡನೇದು. ಸ್ಲೈಸಿಂಗ್‌ನಲ್ಲಿ ನಂಬರ್ ಇರುವುದು ಡಬ್ಬದ ಮೇಲಲ್ಲ, ಡಬ್ಬ ಡಬ್ಬದ ನಡುವಿನ ಕೊಂಡಿಯ ಮೇಲೆ. ಟ್ರೈನಿನ ಮೂತಿ 0. ಮೊದಲ ಡಬ್ಬ ಮುಗಿದು ಎರಡನೇದು ಶುರುವಾಗುವ ಕೊಂಡಿ 1. ಬಾಲ 12. ಡಬ್ಬ 12, ಗುರುತು 13.

[2:5] ಅಂದರೆ "ಎರಡನೇ ಡಬ್ಬದಿಂದ ಐದನೇ ಡಬ್ಬದವರೆಗೆ ಕೊಡು" ಅಂತ ಅಲ್ಲ. "2ನೇ ಕೊಂಡಿಯಲ್ಲಿ ಒಂದು ಸಲ ಬಿಚ್ಚು, 5ನೇ ಕೊಂಡಿಯಲ್ಲಿ ಇನ್ನೊಂದು ಸಲ ಬಿಚ್ಚು, ನಡುವೆ ಉಳಿದದ್ದು ಕೊಡು" ಅಂತ. ನಡುವೆ ಮೂರು ಡಬ್ಬ ಇರುತ್ತವೆ. 5ರಲ್ಲಿ 2 ಕಳೆದರೆ 3. ಕೊನೆಯದನ್ನು ಯಾಕೆ ಬಿಡುತ್ತದೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಕೊಂಡಿಯೊಳಗೆ ಯಾರೂ ಕೂತಿರುವುದಿಲ್ಲವಲ್ಲ.

ಸ್ಟೇಷನ್ ಲಿಸ್ಟ್‌ನಲ್ಲೂ ನೋಡಬಹುದು. ದಾದರ್‌ನಿಂದ ಠಾಣೆಯ ಕಡೆಗೆ ಸ್ಲೋ ಲೋಕಲ್‌ನಲ್ಲಿ ದಾದರ್, ಮಾಟುಂಗಾ, ಸಯಾನ್, ಕುರ್ಲಾ, ವಿದ್ಯಾವಿಹಾರ್, ಘಾಟ್ಕೋಪರ್, ವಿಕ್ರೋಲಿ ಬರುತ್ತವೆ. ಈ ಏಳನ್ನು ಲೋಕಲ್ ಅನ್ನುವ ಲಿಸ್ಟ್‌ಗೆ ಹಾಕಿದರೆ ಲೋಕಲ್[2:5] ಅಂದರೆ ಸಯಾನ್, ಕುರ್ಲಾ, ವಿದ್ಯಾವಿಹಾರ್. ಲೋಕಲ್[:2] ಅಂದರೆ ದಾದರ್, ಮಾಟುಂಗಾ. ಲೋಕಲ್[2:] ಅಂದರೆ ಸಯಾನ್‌ನಿಂದ ಕೊನೆಯವರೆಗೆ. [:2] ಮತ್ತು [2:] ಎರಡನ್ನೂ ಜೋಡಿಸಿದರೆ ಪೂರ್ತಿ ಲಿಸ್ಟ್ ವಾಪಸ್. ಒಂದೂ ಕಳೆದಿಲ್ಲ, ಒಂದೂ ಎರಡು ಸಲ ಬಂದಿಲ್ಲ. ಅಕೌಂಟ್ಸ್‌ನವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇದೆಯೇ?

(ನಡುವೆ ಒಂದು ಮಾತು. ಇಲ್ಲಿ ನಾನು ಹೆಸರುಗಳನ್ನು ಕನ್ನಡದಲ್ಲಿ ಬರೆದದ್ದು ಸುಮ್ನೆ ಅಲ್ಲ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ, ಅಂದರೆ ಮಾಹಿತಿ ಇಟ್ಟುಕೊಳ್ಳುವ ಜಾಗಕ್ಕೆ, ದಿನ, ಲೋಕಲ್, ಹೆಸರು ಅಂತ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ಅದು ಓಡುತ್ತದೆ. ಅದರ ಸ್ವಂತ ಆದೇಶಗಳನ್ನು ಮಾತ್ರ ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು.)

ಈ ಪದ್ಧತಿ ಪೈಥಾನ್ ಹುಟ್ಟುವ ಮೊದಲೇ ಚರ್ಚೆಯಾಗಿದ್ದು. ನೆದರ್‌ಲ್ಯಾಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಕೈಬರಹದ ಒಂದು ಪುಟ್ಟ ಟಿಪ್ಪಣಿಯಲ್ಲಿ ಇದನ್ನೇ ವಾದಿಸಿದ್ದರು. ಮೊದಲನೆಯದು ಸೇರಬೇಕು, ಕೊನೆಯದು ಸೇರಬಾರದು. ಆಗ ಉದ್ದ ಬೇಕಾದರೆ ಬರೀ ಕಳೆದರೆ ಸಾಕು, ಒಂದು ತುಂಡು ಮುಗಿದ ಸಂಖ್ಯೆಯೇ ಮುಂದಿನ ತುಂಡಿನ ಶುರು. 1991ರಲ್ಲಿ ಪೈಥಾನ್ ಹೊರಗೆ ಬಿಟ್ಟ ಗೀಡೊ ವಾನ್ ರಾಸಮ್ ಅವರಿಗೂ ಇದೇ ಅಂದ ಹಿಡಿಸಿತ್ತು, ಹಾಗಂತ ಅವರೇ ಹೇಳಿಕೊಂಡಿದ್ದಾರೆ.

ನಿಮ್ಮ ದಿನನಿತ್ಯದ ಕೆಲಸದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಜಿಎಸ್‌ಟಿ ನಂಬರ್ 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್: ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29, ಗೋವಾಕ್ಕೆ 30. ಮುಂದಿನ ಹತ್ತು ಪ್ಯಾನ್ ನಂಬರ್. ಉಳಿದದ್ದು ಮೂರು. ಪೈಥಾನ್‌ನಲ್ಲಿ [0:2] ರಾಜ್ಯ, [2:12] ಪ್ಯಾನ್, [12:15] ಉಳಿದದ್ದು. 12ರಲ್ಲಿ 2 ಕಳೆಯಿರಿ, ಹತ್ತು. ಪ್ಯಾನ್ ಹತ್ತಕ್ಷರ. ಬೆರಳು ಮಡಚುವ ಕೆಲಸವೇ ಇಲ್ಲ. ಎಕ್ಸೆಲ್‌ನ ಮಿಡ್ ಫಾರ್ಮುಲಾದಲ್ಲಿ ಇದಕ್ಕೇ 3 ಮತ್ತು 10 ಅಂತ ಕೊಡುತ್ತೀರಿ. ಅಲ್ಲಿ 3 ಅಂದರೆ ಮೂರನೇ ಅಕ್ಷರ, 10 ಅಂದರೆ ಎಷ್ಟು ಬೇಕು ಅನ್ನುವುದು. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನ ಸಬ್‌ಸ್ಟ್ರಿಂಗ್ ಕೂಡ ಹೀಗೇ. ನಿಮ್ಮ ಕೈ 18 ವರ್ಷ ಎಕ್ಸೆಲ್‌ಗೆ ಒಗ್ಗಿದೆ, ಎಡವಿದ್ದು ಸಹಜ.

ಈಗ ಪಾಂಡಾಸ್. ಇಲ್ಲಿ ಅಣ್ಣನ ಮಗನ ಸೂತ್ರ ಪೂರ್ತಿ ಕೈಕೊಡುತ್ತದೆ. ಪಾಂಡಾಸ್‌ನಲ್ಲಿ ಎರಡು ಬಾಗಿಲು ಇವೆ. ಐಲೋಕ್ ಅನ್ನುವುದು ಸ್ಥಾನ ನೋಡುತ್ತದೆ, ಲಿಸ್ಟ್‌ನಂತೆಯೇ ಕೊನೆಯದನ್ನು ಬಿಡುತ್ತದೆ. ಲೋಕ್ ಅನ್ನುವುದು ಸಾಲಿನ ಹೆಸರು ನೋಡುತ್ತದೆ, ಎರಡೂ ತುದಿಯನ್ನು ಸೇರಿಸುತ್ತದೆ. ಸಾಲುಗಳ ಹೆಸರು ಸೋಮ, ಮಂಗಳ, ಬುಧ ಅಂತಿದ್ದರೆ "ಸೋಮದಿಂದ ಶುಕ್ರದವರೆಗೆ" ಅಂತ ಕೇಳಿದಾಗ ಶುಕ್ರವಾರ ಬರಬೇಕು ತಾನೇ? ಶುಕ್ರದ ಮುಂದಿನ ಹೆಸರು ಯಾವುದು ಅಂತ ಹುಡುಕಿ ಬರೆ ಅಂದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ಹಾಗೆ ಮಾಡಿದ್ದಾರೆ. ನೀವು ಲೋಕ್‌ನಲ್ಲೂ [1:8], [8:15] ಅಂತ ಬರೆದಿರಿ. ಮೊದಲ ತುಂಡಿನಲ್ಲಿ 8 ಬಂತು, ಎರಡನೆಯದರಲ್ಲೂ 8 ಬಂತು. ಸಾಲಿನ ಹೆಸರು ಸೊನ್ನೆಯಿಂದ ಶುರುವಾಗಿದ್ದರೆ ಮಾರ್ಚ್ 9, 16, 23, 30 ಎರಡೆರಡು ಸಲ ಸೇರಿವೆ, ಮಾರ್ಚ್ 1 ಇಲ್ಲೂ ಹೊರಗೇ ನಿಂತಿದೆ. ಒಂದು ದಿನ ಹೋಗಿ ನಾಲ್ಕು ದಿನ ಜಾಸ್ತಿ ಬಂತು. ಮೊತ್ತ ಏರದೆ ಇನ್ನೇನು?

ನಿಮಗೆ ಮೂರು ದಾರಿ ಇವೆ.

ಲಿಸ್ಟ್‌ನಲ್ಲೇ ಇರುತ್ತೀರಿ ಅಂದರೆ ಕೊಂಡಿ ಲೆಕ್ಕದಲ್ಲಿ ಕತ್ತರಿಸಿ: [0:7], [7:14], [14:21], [21:28], ಕೊನೆಗೆ [28:]. ಒಂದರ ಕೊನೆ ಮುಂದಿನದರ ಶುರು. ಅದು ಮುರಿದಿದ್ದರೆ ಕಣ್ಣಿಗೇ ಕಾಣುತ್ತದೆ.

ಎರಡನೇ ದಾರಿ ಕೆಲವರು ಮಾಡುವ ಜುಗಾಡ್. ಲಿಸ್ಟ್‌ನ ಸೊನ್ನೆಯ ಜಾಗಕ್ಕೆ ಒಂದು ಖಾಲಿ ವಸ್ತು ತುಂಬಿ, ಮಾರ್ಚ್ 1 ಅನ್ನು 1ನೇ ಜಾಗಕ್ಕೆ ತಳ್ಳುವುದು. ಓದಲು ಚೆನ್ನಾಗಿರುತ್ತದೆ. ಆದರೆ ಅಲ್ಲಿ 0 ತುಂಬಿ ಸರಾಸರಿ ತೆಗೆದಿರೋ, 31ರ ಬದಲು 32ರಿಂದ ಭಾಗಿಸುತ್ತದೆ. ಮುಂದಿನ ವರ್ಷ ಬೇರೆ ಯಾರಾದರೂ ಆ ಫೈಲ್ ತೆರೆದರೆ ಅವರ ಗತಿ ಕೇಳಬೇಡಿ. ನಾನು ಇದನ್ನು ಸಲಹೆ ಕೊಡುವುದಿಲ್ಲ.

ಮೂರನೆಯದು ನನಗೆ ನಿಮ್ಮ ಕೆಲಸಕ್ಕೆ ಸರಿ ಅನಿಸುವುದು. ಪಾಂಡಾಸ್‌ನಲ್ಲಿ ತಾರೀಖನ್ನೇ ಸಾಲಿನ ಹೆಸರು ಮಾಡಿ, ತಾರೀಖಿನ ಕ್ರಮಕ್ಕೆ ಸಾರ್ಟ್ ಮಾಡಿ, ಆಮೇಲೆ ಲೋಕ್‌ಗೆ "2025-03-01":"2025-03-07" ಅಂತ ಕೊಡಿ. ಎರಡೂ ತುದಿ ಸೇರುತ್ತವೆ, ಅಂಗಡಿಯ ಲೆಕ್ಕದ ಭಾಷೆಯೂ ಅದೇ. ಮುಂದಿನ ವಾರ 08ರಿಂದ ಶುರು ಮಾಡಬೇಕು, 07ರಿಂದ ಅಲ್ಲ, ಅಷ್ಟು ನೆನಪಿಡಿ. ಸಾರ್ಟ್ ಮಾಡದೆ ಹೀಗೆ ಕೇಳಿದರೆ ಪಾಂಡಾಸ್ ಎರರ್ ಕೊಡಬಹುದು. ಕೊಟ್ಟರೆ ಬೇಸರ ಬೇಡ, ಈ ವಿಷಯದಲ್ಲಿ ಎರರ್ ಬರುವುದು ಅದೃಷ್ಟ.

ಯಾಕೆ ಅದೃಷ್ಟ ಅಂದೆ ಅಂದರೆ, ಸ್ಲೈಸ್ ಬಾಯಿ ಬಿಡುವುದೇ ಇಲ್ಲ. ದಿನ[31] ಅಂತ ಒಂದೇ ವಸ್ತು ಕೇಳಿದರೆ "ಅಂಥದ್ದಿಲ್ಲ" ಅಂತ ಪೈಥಾನ್ ಕೂಗುತ್ತದೆ. ದಿನ[29:32] ಅಂದರೆ ಇರುವಷ್ಟು ಕೊಟ್ಟು ಸುಮ್ಮನಾಗುತ್ತದೆ. ದಿನ[500:600] ಅಂದರೂ ಖಾಲಿ ಲಿಸ್ಟ್ ಕೊಟ್ಟು ಸುಮ್ಮನಿರುತ್ತದೆ. "ಎರರ್ ಬರಲಿಲ್ಲ, ಅಂದರೆ ಸರಿ ಇದೆ" ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ. ನಾನು ಮಾಡುವ ಕಾವಲು ಸರಳ: ಎಲ್ಲ ತುಂಡುಗಳ ಉದ್ದ ಕೂಡಿಸಿ ಮೂಲದ ಉದ್ದಕ್ಕೆ ಸಮ ಇದೆಯೇ ಅಂತ ಒಂದು ಸಾಲು ಬರೆಯುತ್ತೇನೆ. ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಲಿ. ನಿಮ್ಮ ಮಾರ್ಚ್ ತಿಂಗಳಲ್ಲಿ ಆ ಸಾಲು ಇದ್ದಿದ್ದರೆ "30, 31 ಸಮ ಇಲ್ಲ" ಅಂತ ಮೊದಲ ನಿಮಿಷದಲ್ಲೇ ಗೊತ್ತಾಗುತ್ತಿತ್ತು.

ಸುಮ್ಮನಿರುವ ಸ್ಲೈಸ್ ನನ್ನ ಕೈ ಸುಟ್ಟ ಕತೆಯೂ ಇದೆ. ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ, ಪ್ರತಿ ದಿನ ಹೊಸದಾಗಿ ಸೇರಿದ ಗ್ರಾಹಕರಿಗೆ ಸ್ವಾಗತದ ಎಸ್‌ಎಂಎಸ್ ಕಳಿಸುವ ಪ್ರೋಗ್ರಾಂ ಬರೆದಿದ್ದೆ. ಲಿಸ್ಟ್‌ನ ಬಾಲದಿಂದ ಎಣಿಸಲು ಮೈನಸ್ ಬಳಸಬಹುದು: [-3:] ಅಂದರೆ ಕೊನೆಯ ಮೂರು. ಇವತ್ತು ಎಷ್ಟು ಜನ ಸೇರಿದರೋ ಆ ಸಂಖ್ಯೆಯನ್ನು ಹೊಸಬರು ಅನ್ನುವ ವೇರಿಯಬಲ್‌ನಲ್ಲಿಟ್ಟು [-ಹೊಸಬರು:] ಅಂತ ಕತ್ತರಿಸುತ್ತಿದ್ದೆ. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು. ಒಂದು ಗಣೇಶ ಚತುರ್ಥಿಯ ದಿನ ಪುಣೆಯೆಲ್ಲ ಬೀದಿಯಲ್ಲಿತ್ತು, ಒಬ್ಬರೂ ಸೇರಲಿಲ್ಲ. ಹೊಸಬರು ಸೊನ್ನೆ. ಮೈನಸ್ ಸೊನ್ನೆ ಅಂದರೂ ಸೊನ್ನೆಯೇ ಅಲ್ವಾ? [0:] ಆಯಿತು. ಅಂದರೆ ಪೂರ್ತಿ ಲಿಸ್ಟ್. ಹಳೆಯ ಗ್ರಾಹಕರೆಲ್ಲರಿಗೂ "ನಮ್ಮ ಕುಟುಂಬಕ್ಕೆ ಸ್ವಾಗತ" ಹೋಯಿತು. ಮರುದಿನ ಮೋದಕ ಗಂಟಲಲ್ಲಿ ಇಳಿಯಲಿಲ್ಲ. ಅಂದಿನಿಂದ ಬಾಲದಿಂದ ಕತ್ತರಿಸುವಾಗ ಸಂಖ್ಯೆ ವೇರಿಯಬಲ್‌ನಲ್ಲಿದ್ದರೆ ಮೈನಸ್ ಬಳಸುವುದಿಲ್ಲ. ಉದ್ದದಿಂದ ಕಳೆದು ಶುರುವಿನ ಕೊಂಡಿ ಯಾವುದು ಅಂತ ಲೆಕ್ಕ ಹಾಕಿಯೇ ಕೊಡುತ್ತೇನೆ. ಆಗ ಸೊನ್ನೆ ಬಂದರೆ ಖಾಲಿ ಲಿಸ್ಟ್ ಸಿಗುತ್ತದೆ.

ಕಾಪಿಯ ವಿಷಯದಲ್ಲಿ ಅಣ್ಣನ ಮಗ ಹೇಳಿದ್ದು ಅರ್ಧ ನಿಜ. ಲಿಸ್ಟ್ ಸ್ಲೈಸ್ ಮಾಡಿದರೆ ಹೊಸ ಲಿಸ್ಟ್ ಹುಟ್ಟುತ್ತದೆ. ಆದರೆ ಲಿಸ್ಟ್ ಒಳಗೆ ಇರುವುದು ವಸ್ತುಗಳಲ್ಲ, ವಸ್ತುಗಳ ವಿಳಾಸ. ಸ್ಲೈಸ್ ಮಾಡಿದಾಗ ವಿಳಾಸದ ಚೀಟಿಗಳು ಕಾಪಿ ಆಗುತ್ತವೆ, ಮನೆಗಳು ಆಗುವುದಿಲ್ಲ. ಬರೀ ಸಂಖ್ಯೆಗಳ ಲಿಸ್ಟ್ ಆದರೆ ಯಾವ ಅಪಾಯವೂ ಇಲ್ಲ. ನೀವು ಬಹುಶಃ ಪ್ರತಿ ದಿನಕ್ಕೆ ತಾರೀಖು, ಮೊತ್ತ ಅಂತ ಒಂದೊಂದು ಒಳಲಿಸ್ಟ್ ಮಾಡಿ, ಅವನ್ನು ದೊಡ್ಡ ಲಿಸ್ಟ್‌ಗೆ ಹಾಕಿದ್ದಿರಿ. ಕಾಪಿಯಲ್ಲಿ ಮೊತ್ತ ತಿದ್ದಿದಾಗ ನೀವು ಹೋಗಿ ಬಣ್ಣ ಬಳಿದದ್ದು ಅದೇ ಮನೆಗೆ. ಚೀಟಿ ಎರಡು, ಮನೆ ಒಂದೇ. ಪೂರ್ತಿ ಬೇರೆ ಬೇಕಾದರೆ ಡೀಪ್‌ಕಾಪಿ ಅಂತ ಇದೆ, ಸ್ವಲ್ಪ ನಿಧಾನ, ಆದರೆ ನಿಮ್ಮ 31 ಸಾಲಿಗೆ ಏನೂ ಅಲ್ಲ. ಸಂಖ್ಯೆಗಳ ಲೆಕ್ಕಕ್ಕೆಂದೇ ಇರುವ ನಂಪೈ ಲೈಬ್ರರಿ ಕಲಿಯುವಾಗ ಮಾತ್ರ ಜಾಸ್ತಿ ಎಚ್ಚರ ಇರಲಿ. ಅಲ್ಲಿ ಸ್ಲೈಸ್ ಅಂದರೆ ಕಾಪಿಯೇ ಅಲ್ಲ, ಮೂಲಕ್ಕೆ ತೆರೆದ ಕಿಟಕಿ. ಕಿಟಕಿಯಿಂದ ಕೈ ಹಾಕಿ ಏನು ಸರಿಸಿದರೂ ಒಳಗಿನ ಮನೆಯದ್ದೇ ಸರಿಯುತ್ತದೆ. ಕೋಟಿಗಟ್ಟಲೆ ಸಂಖ್ಯೆ ಇರುವ ಕೆಲಸಕ್ಕೆ ಅದು ಬೇಕೂ ಬೇಕು, ಅದಕ್ಕೇ ಹಾಗೆ ಕಟ್ಟಿದ್ದಾರೆ.

ಇನ್ನು ಪ್ರೇಮಾ ಅವರ ಬ್ಯಾಡ್ಜ್. ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದ ಪ್ರಶ್ನೆ ಇದು. ಪೈಥಾನ್‌ಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಅದು ಅಕ್ಷರ ಅಂದುಕೊಳ್ಳುವುದು ಬೇರೆ, ನಾವು ಅಕ್ಷರ ಅಂದುಕೊಳ್ಳುವುದು ಬೇರೆ. ಪೈಥಾನ್ 3 ಎಣಿಸುವುದು ಯೂನಿಕೋಡ್ ಸಂಕೇತಗಳನ್ನು (ಯೂನಿಕೋಡ್ ಅಂದರೆ ಎಲ್ಲ ಲಿಪಿಗಳ ಗುರುತುಗಳಿಗೂ ಒಂದೊಂದು ನಂಬರ್ ಕೊಡುವ ಪಟ್ಟಿ). ಕನ್ನಡದಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಸ್ವರದ ಗುಣಿತಕ್ಕೆ ಇನ್ನೊಂದು, ಒತ್ತು ಕೂಡಿಸುವ ಅರ್ಧಚಿಹ್ನೆಗೆ ಮತ್ತೊಂದು. ಪ್ರೇಮಾ ಅನ್ನುವುದು ನಮ್ಮ ಕಣ್ಣಿಗೆ ಎರಡಕ್ಷರ. ಪೈಥಾನ್‌ಗೆ ಆರು: ಪ, ಅರ್ಧಚಿಹ್ನೆ, ರ, ಏತ್ವದ ಗುರುತು, ಮ, ದೀರ್ಘದ ಗುರುತು. [:1] ಅಂದರೆ "ಪ". [:2] ಅಂದರೆ "ಪ್". [:3] ಅಂದರೆ "ಪ್ರ". [:4] ಅಂದಾಗ ಮಾತ್ರ "ಪ್ರೇ". ಲೋಕಲ್ ಉದಾಹರಣೆಯಲ್ಲೇ ಹೇಳಬೇಕೆಂದರೆ, ನೀವು ಕೊಂಡಿಯಲ್ಲಿ ಬಿಚ್ಚಲಿಲ್ಲ, ಡಬ್ಬದ ನಡುವೆ ಗರಗಸ ಹಾಕಿದಿರಿ.

ತಿರುಗಿಸಿ ನೋಡಿದರೆ ಇನ್ನೂ ಮಜಾ. [::-1] ಅಂದರೆ ಲಿಸ್ಟನ್ನೋ ಪದವನ್ನೋ ಹಿಂದುಮುಂದು ಮಾಡುವುದು. "ಪುಣೆ" ಹೀಗೆ ತಿರುಗಿದರೆ ಮೊದಲು ಎತ್ವದ ಗುರುತು ಒಂದೇ ಅನಾಥವಾಗಿ ಬರುತ್ತದೆ, ಪರದೆಯ ಮೇಲೆ ಚುಕ್ಕಿ ಚುಕ್ಕಿ ಉಂಗುರದ ಜತೆ. ಪ ಹೊತ್ತಿದ್ದ ಉಕಾರ ಹೋಗಿ ಣಕ್ಕೆ ಅಂಟಿಕೊಳ್ಳುತ್ತದೆ.

ಇದು ಬರೀ ಪೈಥಾನ್‌ನ ತಲೆನೋವಲ್ಲ. ಕನ್ನಡದ ಎಸ್‌ಎಂಎಸ್ ಒಂದಕ್ಕೆ 70 ಸಂಕೇತ ಹಿಡಿಸುತ್ತದೆ, ಇಂಗ್ಲಿಷ್‌ನದ್ದಕ್ಕೆ 160. ಯಾರೋ ಸುಮ್ನೆ [:70] ಅಂತ ಕತ್ತರಿಸಿ ಕಳಿಸಿದಾಗ ಕೊನೆಯ ಒತ್ತಕ್ಷರ ಕೈಕಾಲು ಕಳೆದುಕೊಂಡು ಬಂದದ್ದನ್ನು ನೀವೂ ನೋಡಿರುತ್ತೀರಿ. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಇನ್ನೂ ಕಷ್ಟ. ಯೂನಿಕೋಡನ್ನು ಫೈಲ್‌ನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. "ಮುಂಬೈ" ನಮಗೆ ಎರಡಕ್ಷರ, ಪೈಥಾನ್‌ಗೆ ಐದು ಸಂಕೇತ, ಡಿಸ್ಕ್‌ನ ಮೇಲೆ 15 ಬೈಟ್. ಮೂರರ ನಡುವೆ ಕತ್ತರಿ ಬಿದ್ದರೆ ಅಲ್ಲಿ ಅಕ್ಷರವೇ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಪದವನ್ನು ಮೊದಲು ಅಕ್ಷರಗಳ ಲಿಸ್ಟ್ ಮಾಡಿಕೊಳ್ಳಿ, ಆಮೇಲೆ ಆ ಲಿಸ್ಟನ್ನು ಸ್ಲೈಸ್ ಮಾಡಿ. ಅಕ್ಷರಗಳಾಗಿ ಒಡೆಯುವ ನಿಯಮ ನೀವೇ ಬರೆಯಬಹುದು, ಹದಿನೈದು ಸಾಲೂ ಆಗುವುದಿಲ್ಲ. ಒಂದೊಂದೇ ಸಂಕೇತ ಓದುತ್ತಾ ಹೋಗಿ. ಅದು ಗುಣಿತದ ಗುರುತು, ಅನುಸ್ವಾರ, ವಿಸರ್ಗ ಅಥವಾ ಅರ್ಧಚಿಹ್ನೆ ಆಗಿದ್ದರೆ ಹಿಂದಿನದಕ್ಕೆ ಅಂಟಿಸಿ. ಅದು ವ್ಯಂಜನವಾಗಿದ್ದು, ಹಿಂದಿನದು ಅರ್ಧಚಿಹ್ನೆಯಲ್ಲಿ ಮುಗಿದಿದ್ದರೆ ಆಗಲೂ ಅಂಟಿಸಿ, ಅದು ಒತ್ತಕ್ಷರ. ಉಳಿದ ಎಲ್ಲ ಸಂದರ್ಭದಲ್ಲಿ ಹೊಸ ಅಕ್ಷರ ಶುರು. ಗುರುತು ಯಾವುದು, ವ್ಯಂಜನ ಯಾವುದು ಅಂತ ಕೇಳಲು ಪೈಥಾನ್ ಜತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲ್ ಇದೆ. ಗ್ರಾಫೀಮ್ (ಓದುವವರ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ಘಟಕ) ಲೆಕ್ಕದಲ್ಲಿ ಒಡೆಯುವ ಸಿದ್ಧ ಲೈಬ್ರರಿಗಳೂ ಇವೆ. ಆದರೆ ಕನ್ನಡದ ಒತ್ತಕ್ಷರವನ್ನು ಎರಡಾಗಿ ಒಡೆಯುವವನ್ನು ನಾನು ನೋಡಿದ್ದೇನೆ, "ಪ್" ಒಂದು, "ರೇ" ಇನ್ನೊಂದು ಅಂತ. ಬಳಸುವ ಮೊದಲು ಒತ್ತಕ್ಷರ ಕೊಟ್ಟು ಪರೀಕ್ಷಿಸಿ.

ಎರಡು ಗುಂಡಿಗಳಿವೆ, ಬೀಳುವ ಮೊದಲೇ ಹೇಳಿಬಿಡುತ್ತೇನೆ. ಒಂದು, ಕಣ್ಣಿಗೆ ಕಾಣದ ಸಂಕೇತ. "ಸಾಫ್ಟ್‌ವೇರ್" ಅಂತ ಬರೆದಾಗ ಟ್ ಕೆಳಗೆ ವ ಒತ್ತು ಬರದಂತೆ ತಡೆಯಲು ನಡುವೆ ಒಂದು ಅದೃಶ್ಯ ಗುರುತು ಹಾಕಿರುತ್ತೇವೆ. ಅದಕ್ಕೂ ಪೈಥಾನ್ ಲೆಕ್ಕದಲ್ಲಿ ಒಂದು ಜಾಗ ಇದೆ. ಸದಸ್ಯರ ಹೆಸರುಗಳಲ್ಲೂ ಇದು ಬರುತ್ತದೆ. ಅದನ್ನು ಹಿಂದಿನದಕ್ಕೆ ಅಂಟಿಸಿ, ಮುಂದಿನ ವ್ಯಂಜನದಿಂದ ಹೊಸ ಅಕ್ಷರ ಶುರು ಮಾಡಿ. ಎರಡು, "ಗೋವಾ" ಅನ್ನುವ ಪದವನ್ನು ಯೂನಿಕೋಡ್‌ನಲ್ಲಿ ಎರಡು ಥರ ಇಡಬಹುದು. ಓತ್ವ ಒಂದೇ ಸಂಕೇತವಾಗಿದ್ದರೆ ಪದದ ಉದ್ದ 4. ಅದೇ ಓತ್ವ ಎತ್ವ, ಊಕಾರದ ಕೊಂಬು, ದೀರ್ಘ ಅಂತ ಮೂರು ತುಂಡಾಗಿದ್ದರೆ ಉದ್ದ 6. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಪೈಥಾನ್ "ಬೇರೆ ಬೇರೆ" ಅನ್ನುತ್ತದೆ. ಬೇರೆ ಬೇರೆ ಜನ ಬೇರೆ ಬೇರೆ ಕಡೆ ಟೈಪ್ ಮಾಡಿದ ಲಿಸ್ಟ್ ಆದರೆ ಕೆಲಸ ಶುರು ಮಾಡುವ ಮುಂಚೆ ಎಲ್ಲವನ್ನೂ ಎನ್‌ಎಫ್‌ಸಿ ಅನ್ನುವ, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪಕ್ಕೆ ನಾರ್ಮಲೈಸ್ ಮಾಡಿ. ಅದೂ ಅದೇ ಮಾಡ್ಯೂಲ್‌ನಲ್ಲಿದೆ.

ನಿಮ್ಮ ಸಂಘದ ರಸೀದಿ ನಂಬರ್ "ಸಂ-2024-0157" ಅಂತಿದ್ದರೆ ಸ್ಲೈಸ್ ಗೋಜಿಗೇ ಹೋಗಬೇಡಿ. "ಸಂ" ಎರಡು ಸಂಕೇತ, ನಾಳೆ ಯಾರೋ "ಸಂಘ" ಅಂತ ಬರೆದರೆ ಮೂರು, ಎಲ್ಲ ಕೊಂಡಿಗಳೂ ಜರುಗುತ್ತವೆ. ಅಡ್ಡಗೆರೆ ಇದ್ದಲ್ಲಿ ಒಡೆಯುವ ಸ್ಪ್ಲಿಟ್ ಬಳಸಿ. ಉದ್ದ ಎಂದೂ ಬದಲಾಗದ ಜಿಎಸ್‌ಟಿ ನಂಬರ್‌ನಂಥದ್ದಕ್ಕೆ ಸ್ಲೈಸ್, ಗುರುತು ಇಟ್ಟು ಬೇರ್ಪಡಿಸಿದ್ದಕ್ಕೆ ಸ್ಪ್ಲಿಟ್.

ಕೊನೆಯ ಪ್ರಶ್ನೆ, ಲೂಪ್ ಸೇಫ್ ಅಲ್ವಾ? ಅಲ್ಲ. ಲೂಪ್‌ನಲ್ಲೂ ಶುರು ಎಲ್ಲಿ, ಕೊನೆ ಎಲ್ಲಿ ಅಂತ ನೀವೇ ಬರೆಯಬೇಕು, ತಪ್ಪು ಅಲ್ಲೂ ಅದೇ ಆಗುತ್ತದೆ, ಸಾಲು ಮಾತ್ರ ಜಾಸ್ತಿ. ಮೆಮೊರಿ ಚಿಂತೆಯೂ ಬೇಡ. ಲಕ್ಷ ವಸ್ತುಗಳ ಲಿಸ್ಟ್ ಪೂರ್ತಿ ಸ್ಲೈಸ್ ಮಾಡಿದರೂ ಕಾಪಿ ಆಗುವುದು ಚೀಟಿಗಳಷ್ಟೇ, ತಲಾ 8 ಬೈಟ್, ಒಂದು ಎಂಬಿಯೂ ಆಗುವುದಿಲ್ಲ. ಸ್ಲೈಸ್ ನಿಜವಾಗಿ ದುಬಾರಿಯಾಗುವುದು ಒಂದು ಕಡೆ: ಮೊದಲನೆಯದನ್ನು ತೆಗೆದು ಉಳಿದದ್ದನ್ನು [1:] ಅಂತ ಪುನಃ ಪುನಃ ಕತ್ತರಿಸುವ ಲೂಪ್. ಲಕ್ಷ ವಸ್ತುಗಳಿದ್ದರೆ ಪ್ರತಿ ಸುತ್ತಿನಲ್ಲೂ ಉಳಿದ ಎಲ್ಲ ಚೀಟಿ ಕಾಪಿ ಆಗಿ, ಮುಗಿಯುವಷ್ಟರಲ್ಲಿ ಸುಮಾರು 500 ಕೋಟಿ ಸಲ. ಅಂಥ ಕಡೆ ಡೆಕ್ ಅನ್ನುವುದನ್ನು ಬಳಸಿ. ಹೆಸರು ಕೇಳಲು ಹಡಗಿನ ಡೆಕ್‌ನಂತೆ, ಕೆಲಸ ಎರಡೂ ತುದಿಯಿಂದ ತೆಗೆಯುವುದು.

ಮುಂದೆ ಆರ್ ಅನ್ನುವ ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಅಲ್ಲಿ ಎಣಿಕೆ 1ರಿಂದ, ಎರಡೂ ತುದಿ ಸೇರುತ್ತವೆ, ಮೈನಸ್ ಅಂದರೆ ಬಾಲದಿಂದ ಅಲ್ಲ, "ಇದನ್ನು ಬಿಟ್ಟು" ಅಂತ. ಹೊಸ ಸಾಧನ ಹಿಡಿದ ದಿನ ನಾನು ಒಂದರಿಂದ ಹತ್ತರವರೆಗಿನ ಲಿಸ್ಟ್ ಮಾಡಿ [2:5] ಹಾಕಿ ನೋಡುತ್ತೇನೆ. ಮೂರು ಬರುತ್ತದೋ ನಾಲ್ಕೋ, ಯಾವುದರಿಂದ ಶುರು, ಅಷ್ಟು ಗೊತ್ತಾದರೆ ಸಾಕು.

ಮೊದಲು ಮಾರ್ಚ್ 1 ಸೇರಿಸಿ ಮೊತ್ತ ಸರಿ ಮಾಡಿ, ಅದು ಸೇಠ್‌ಗೆ ತೋರಿಸಬೇಕಾದದ್ದು. ಬ್ಯಾಡ್ಜ್ ಕೆಲಸ ಆಮೇಲೆ. ಪ್ರಿಂಟ್‌ಗೆ ಕೊಡುವ ಮುಂಚೆ ನಿಮ್ಮ ಅಕ್ಷರ ಒಡೆಯುವ ಪ್ರೋಗ್ರಾಂಗೆ "ಜ್ಯೋತ್ಸ್ನಾ" ಅಂತ ಕೊಡಿ. ಒಳಗೆ ಹತ್ತು ಸಂಕೇತ, ಹೊರಗೆ ಎರಡೇ ಅಕ್ಷರ ಬರಬೇಕು: "ಜ್ಯೋ", "ತ್ಸ್ನಾ". ಬಂದರೆ ಪ್ರೇಮಾ ಅವರ ಬ್ಯಾಡ್ಜ್ ಧೈರ್ಯವಾಗಿ ಪ್ರಿಂಟ್ ಹಾಕಿ.